ದಿಬ್ಬದ ಮೇಲಿನ ಕಾರು, ಪರದೆಯೊಳಗಿನ ಮೋಡ

ಎದುರು ಕಣ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಆ ಕೆಲಸ ಒಪ್ಪಿಕೊಂಡೆ. ಬೇರೆ ಕಾರಣಗಳನ್ನು ಎಲ್ಲರಿಗೂ ಹೇಳಿದ್ದೆ: ಸಣ್ಣ ಬೆಳೆಗಾರರು ಒಟ್ಟಾಗಿ ಒಂದೇ ಕಣದಲ್ಲಿ ಕಾಫಿ ಒಣಗಿಸುವುದು ಒಳ್ಳೆಯ ಪ್ರಯೋಗ, ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇಂಥದ್ದಕ್ಕೇ, ಇತ್ಯಾದಿ. ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಈಗ ತೆಗೆದು ನೋಡಿದರೆ ಆ ಪುಟದ ಅಕ್ಷರಗಳು ದುಂಡಗೆ, ಅಚ್ಚುಕಟ್ಟಾಗಿವೆ. ಸುಳ್ಳು ಬರೆಯುವಾಗ ನನ್ನ ಕೈಬರಹ ಚೆನ್ನಾಗಿರುತ್ತದೆ.

ಜಾವಳಿಯಿಂದ ಸ್ವಲ್ಪ ಮುಂದೆ, ರಸ್ತೆಯ ಈಚೆ ಬದಿಗೆ ಸಣ್ಣ ಬೆಳೆಗಾರರ ಕಣ. ಆಚೆ ಬದಿಗೆ, ಇನ್ನೂ ತಗ್ಗಿನಲ್ಲಿ, ದೊಡ್ಡ ಎಸ್ಟೇಟಿನ ಕಣ. ಅದರ ಹಿಂದಿನ ವರ್ಷದವರೆಗೆ ನಾನು ಆ ಎಸ್ಟೇಟಿನಲ್ಲಿ ಸಹಾಯಕ ಮ್ಯಾನೇಜರ್ ಆಗಿದ್ದೆ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಬಿಸಿಲಿಗೆ ಹರಡಿದ ಪಾರ್ಚ್‌ಮೆಂಟ್ ಕಾಫಿ ನನ್ನ ಉಸ್ತುವಾರಿಯಲ್ಲಿತ್ತು. ಕೊಯ್ಲು ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಮುಚ್ಚಿಸಲೇ ಎಂದು ಮ್ಯಾನೇಜರನ್ನು ಕೇಳಿದೆ. ಬೇಡ, ನಾಳೆ ಲಾರಿ ಬರುತ್ತದೆ, ಇವತ್ತೇ ಒಣಗಿ ಮುಗಿಯಬೇಕು ಎಂದರು. ಮಳೆ ಬಂತು. ಕಣವೆಲ್ಲ ನೆನೆಯಿತು. ಎರಡೇ ದಿನದಲ್ಲಿ ಬೀಜ ಹುಳಿ ವಾಸನೆ ಹೊಡೆಯತೊಡಗಿತು. ಮಾಲೀಕರು ಬಂದು ನಿಂತಾಗ ಮ್ಯಾನೇಜರು, "ಮುಚ್ಸಮ್ಮ ಅಂತ ಹೇಳಿದ್ದೆ ಸಾರ್. ಇವರು ಓದಿದವ್ರು, ನಮ್ಮ ಮಾತು ಎಲ್ಲಿ ಕೇಳ್ತಾರೆ?" ಎಂದರು. ಕಣದ ಮೇಸ್ತ್ರಿ ಪಕ್ಕದಲ್ಲೇ ಇದ್ದರು. ನೆಲ ನೋಡುತ್ತಾ ನಿಂತರು.

ಇದನ್ನು ನಾನು ಆ ದಿನವೇ ಬರೆದಿಡಲಿಲ್ಲ. ಕೆಲಸ ಹೋದ ಮೇಲೆ, ಸಿಟ್ಟಿನಲ್ಲಿ ಬರೆದೆ. ಆದ್ದರಿಂದ ಒಂದೊಂದು ಮಾತೂ ಹೀಗೇ ಇತ್ತೆಂದು ಹೇಳಲಾರೆ. 'ಓದಿದವ್ರು' ಎಂಬುದನ್ನು ಅವರು ಅಂದರೋ, ನಾನೇ ಸೇರಿಸಿಕೊಂಡೆನೋ ಎಂಬ ಅನುಮಾನ ಆಗಾಗ ಬರುತ್ತದೆ. ಬೇಡ ಎಂದವರು ಅವರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಆದರೆ ಅದನ್ನು ಹೇಳುವವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮೂಡಿಗೆರೆಯಿಂದ ಕಳಸದವರೆಗೆ ನನಗೊಂದು ಹೆಸರು ಬಿತ್ತು: ಕಣ ನೆನೆಸಿದ ಮೇಡಂ. ಕೊಯ್ಲಿನ ಕಾಲಕ್ಕೆ ಯಾವ ತೋಟದವರೂ ಕರೆಯಲಿಲ್ಲ. ಕೊನೆಗೆ ಕರೆದದ್ದು ಈ ಸಣ್ಣ ಬೆಳೆಗಾರರ ಗುಂಪು. ಅವರ ಇಡೀ ವರ್ಷದ ಫಸಲು ಒಂದೇ ಕಣದಲ್ಲಿ ಇರುತ್ತದೆ. ಅದೂ ನೆನೆದರೆ ಈ ಸೀಮೆಯಲ್ಲಿ ನನ್ನ ಕೆಲಸ ಮುಗಿದ ಹಾಗೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎದುರು ಕಣದ ಮ್ಯಾನೇಜರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು. ಹುಡುಕಿ ಕೊಡಿಸಿದವರು ಗೋಣಿಬೀಡಿನ ಮೆಕ್ಯಾನಿಕ್. ಅವರಿಗೂ ಸ್ವಲ್ಪ ತೋಟವಿದೆ, ಈ ಗುಂಪಿನಲ್ಲಿ ಅವರೂ ಒಬ್ಬರು. ಬಾನೆಟ್ ಎತ್ತಿ ನೋಡಿ, "ಇಂಜಿನ್ನೇ ಇಲ್ಲ. ನಾನು ಕೈ ಹಾಕೋದು ಎಲ್ಲಿಗೆ ಮೇಡಂ? ನಮ್ಮ ಹೊಟ್ಟೆ ಮೇಲೆ ಹೊಡೆಯೋ ಗಾಡಿ ಇದು" ಎಂದು ನಕ್ಕಿದ್ದರು. ಮಧ್ಯದ ದೊಡ್ಡ ಪರದೆಯಲ್ಲಿ ಮ್ಯಾಪು, ಹಾಡುಗಳ ಜೊತೆಗೆ ಇಂಟರ್‌ನೆಟ್ ನೋಡಲು ಬ್ರೌಸರ್ ಕೂಡ ಇತ್ತು. ಅದು ಎಂತಕ್ಕೆ ಎಂದು ಕೇಳಿದೆ.

"ಚಾರ್ಜ್ ಆಗೋ ತನಕ ಟೈಮ್‌ಪಾಸಿಗೆ ಮೇಡಂ. ಪೇಟೆಯವರಿಗೆ. ನಿಮಗೆ ಕೈಯಲ್ಲಿ ಫೋನಿದೆಯಲ್ಲ, ಬಿಡಿ."

ನಾನೂ ಬಿಟ್ಟಿದ್ದೆ. ಆದರೆ ಈ ಕಣದಲ್ಲಿ ಯಾವ ಕಂಪನಿಯ ಫೋನಿಗೂ ಸಿಗ್ನಲ್ ಇಲ್ಲ. ಕಣದ ಮೇಲಿನ ಮೂಲೆಗೆ ಒಂದು ದಿಬ್ಬವಿದೆ. ಅಲ್ಲಿ ಹತ್ತಿದರೂ ನನ್ನ ಫೋನಿನಲ್ಲಿ ಒಂದು ಗೆರೆ ಬಂದು ಹೋಗುತ್ತಿತ್ತು, ಅಷ್ಟೆ. ಎದುರು ಕಣ ನೋಡಲೆಂದು ಕಾರನ್ನು ಅಲ್ಲಿ ನಿಲ್ಲಿಸಿದ ದಿನ ಪರದೆಯ ಮೂಲೆಯಲ್ಲಿ ಸಿಗ್ನಲ್ ತುಂಬಿಕೊಂಡದ್ದು ಕಂಡಿತು. ಕಾರಿಗೆ ಅದರದ್ದೇ ಸಿಮ್ ಇದೆ, ಆಂಟೆನಾ ಅದರ ಚಾವಣಿಯ ಮೇಲಿದೆ. ಸೇಡಿಗೆಂದು ಆರಿಸಿದ ಜಾಗದಲ್ಲಿ ನೆಟ್ ಸಿಕ್ಕಿತು.

ಅಂದಿನಿಂದ ನಮ್ಮ ಪದ್ಧತಿ ಹೀಗಾಯಿತು. ಬೆಳಿಗ್ಗೆ ಕಾಫಿ ಹರಡುವ ಮೊದಲು, ಊಟಕ್ಕೆ ಮೊದಲು, ಮತ್ತೆ ಇಳಿಹೊತ್ತಿಗೆ ಉಪಗ್ರಹದ ಮೋಡದ ಚಿತ್ರ, ರೇಡಾರಿನ ಮಳೆಯ ಚಿತ್ರ ಎರಡನ್ನೂ ತೆರೆಯುವುದು. ಹೇಳಿದಷ್ಟು ಸುಲಭವಲ್ಲ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಮುಂದಿನ ಗಾಜಿಗೆ ಹೊರಗಿನಿಂದ ಕಂಬಳಿ ಹೊದಿಸಬೇಕು. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಹತ್ತಿರದಿಂದ ಬಂದ ಅಂಟು ಬೆರಳಿಗೆ ಪರದೆ ಓಗೊಡುವುದಿಲ್ಲ. ಕೈ ತೊಳೆದು ಬರಬೇಕು. ಕಾರು ನಿಂತು ಗೇರು ಪಾರ್ಕಿನಲ್ಲಿದ್ದರೆ ಮಾತ್ರ ಬ್ರೌಸರ್ ತೆರೆಯುತ್ತದೆ. ಕಾರು ಒಂದು ಗೇಣು ಮುಂದೆ ಹೋಗಬೇಕೆಂದು ಗೇರು ಹಾಕಿದರೂ ಪುಟ ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಹುಡುಕಬೇಕು. ಚಾರ್ಜಿಂಗಿಗೆ ಪಲ್ಪರ್ ಮನೆಯ ದಪ್ಪ ಪ್ಲಗ್ಗೇ ಗತಿ. ಪಲ್ಪರ್ ಓಡುವಾಗ ವೋಲ್ಟೇಜ್ ಬಿದ್ದು ಚಾರ್ಜ್ ನಿಲ್ಲುತ್ತಿತ್ತು. ಹಾಗಾಗಿ ಅದರ ಕೆಲಸ ಮುಗಿದ ಮೇಲೆ ನನ್ನ ಸರದಿ.

ಇಷ್ಟೆಲ್ಲ ಪಾಡಿಗೆ ಒಂದು ಲಾಭವಿತ್ತು. ಫೋನಿನಲ್ಲಿ ನೋಡಿ ನಾನು ಮಳೆ ಬರುತ್ತದೆ ಎಂದರೆ ಅದು ನನ್ನ ಮಾತಾಗುತ್ತಿತ್ತು, ನನ್ನ ಮಾತಿಗೆ ಆಗ ಬೆಲೆ ಇರಲಿಲ್ಲ. ಕಾರಿನ ಪರದೆಯ ಮುಂದೆ ನಾಲ್ಕು ಜನ ಒಟ್ಟಿಗೆ ಕೂತು ನೋಡಬಹುದಿತ್ತು. ಗುಂಪಿನ ಹಿರಿಯರಾದ ಗೌಡರು ಕನ್ನಡಕ ಏರಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. "ಈ ಹಸಿರು ಬಣ್ಣದ್ದು ಮಳೆಯಾ? ಹಾಗಾದ್ರೆ ಕೆಂಪು?" ಎಂದು ಕೇಳಿ ತಿಳಿದುಕೊಂಡರು. ಒಂದು ವಾರದೊಳಗೆ ಚಿತ್ರ ನೋಡಿ ಅವರೇ ವಾದ ಮಾಡುವಂತಾದರು.

ಎದುರು ಕಣದಿಂದ ಮ್ಯಾನೇಜರು ರಸ್ತೆಯವರೆಗೆ ಬಂದು ಕೂಗುತ್ತಿದ್ದರು. "ಏನಮ್ಮ, ಸೀರಿಯಲ್ ಶುರುವಾಯ್ತಾ? ಸೊಸೆ ಮನೆ ಬಿಟ್ಲಾ ಇಲ್ವಾ?"

ಅವರ ಕಣದ ಹೆಂಗಸರು ನಗುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದವರು. ಅವರ ನಗೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮ್ಯಾನೇಜರ ಮಾತನ್ನು ಹಿಡಿದಿಟ್ಟುಕೊಂಡೆ. ಪ್ರತಿದಿನ ಅವರ ಕಣವನ್ನು ನೋಡುತ್ತಾ, ಒಂದು ಮಳೆ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಮ್ಮ ಕಾಫಿ ಮುಚ್ಚಿ ಆದ ಮೇಲೆ, ಅವರದ್ದು ಮುಚ್ಚುವ ಮೊದಲು. ಕಾಫಿ ಒಣಗಿಸುವ ಕೆಲಸ ಹಿಡಿದವಳು ಮಳೆ ಬೇಡಿಕೊಳ್ಳುವುದು ಎಂಥ ವಿಪರೀತ ಎಂಬುದು ಆಗ ನನಗೆ ಹೊಳೆದಿರಲೇ ಇಲ್ಲ.

ಆದರೆ ಮೊದಲು ಎಡವಿ ಬಿದ್ದದ್ದು ನಾನೇ. ಒಂದು ಬೆಳಿಗ್ಗೆ, ಕಾಫಿ ಹರಡಿ ಆಗಿ ಬಿಸಿಲು ಏರುತ್ತಿದ್ದಾಗ, ಉಪಗ್ರಹದ ಚಿತ್ರದಲ್ಲಿ ಕಡಲಿನ ಮೇಲೆ ದಪ್ಪ ಮೋಡ ಕಂಡಿತು. ಚಿತ್ರದ ಕೆಳಗೆ ಬರೆದಿದ್ದ ಸಮಯ ನೋಡಿದರೆ ಅದು ಬೆಳಗಿನ ಜಾವದ್ದು. ಜಾವದಲ್ಲಿ ಕಡಲ ಮೇಲಿದ್ದ ಮೋಡ ಇಷ್ಟು ಹೊತ್ತಿಗೆ ಘಟ್ಟ ಹತ್ತಿ ನಮ್ಮ ತಲೆಯ ಮೇಲೆ ಬಂದಿರಬೇಕು ಎಂದು ಲೆಕ್ಕ ಹಾಕಿದೆ. ಮುಚ್ಚಿ, ಮುಚ್ಚಿ ಎಂದು ಕೂಗಿದೆ. ಎಲ್ಲರೂ ಓಡಿ ಬಂದು ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಎಳೆದರು. ಆಕಾಶ ಕನ್ನಡಿಯ ಹಾಗೆ ಇತ್ತು. ಮಧ್ಯಾಹ್ನದವರೆಗೂ ಹಾಗೇ ಇತ್ತು. ಮುಚ್ಚಿದ ಕಾಫಿ ಪ್ಲಾಸ್ಟಿಕ್ ಅಡಿಯಲ್ಲಿ ಬೆವರಿತು. ಬಿಚ್ಚಿದಾಗ ಬೆಚ್ಚಗಿನ, ಸ್ವಲ್ಪ ಕೊಳೆತ ಹಣ್ಣಿನಂಥ ವಾಸನೆ ಬಂತು.

ಗೌಡರು ಒಂದು ಹಿಡಿ ಎತ್ತಿ ಮೂಸಿದರು. "ಇವತ್ತಿನ ಬಿಸಿಲು ಹೋಯ್ತಲ್ಲ ಮಾರಾಯ್ತಿ" ಎಂದಷ್ಟೇ ಹೇಳಿದರು.

ರಸ್ತೆಯಾಚೆಯಿಂದ ದನಿ ಬಂತು. "ಹೋದ ವರ್ಷ ಮಳೇಲಿ ನೆನೆಸಿದ್ಲು, ಈ ವರ್ಷ ಬಿಸಿಲಲ್ಲಿ ಬೇಯಿಸ್ತಿದ್ದಾಳೆ!"

ಆ ಸಂಜೆ ದಿಬ್ಬದ ಮೇಲೆ ಕೂತು ಎಲ್ಲಿ ತಪ್ಪಿದೆ ಎಂದು ಹುಡುಕಿದೆ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಸಮಯದ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಕಂಡಿತು: ಅದು ನಮ್ಮ ಗಡಿಯಾರದ ಸಮಯವಲ್ಲ, ಗ್ರೀನ್‌ವಿಚ್ಚಿನದು. ನಮಗಿಂತ ಐದೂವರೆ ಗಂಟೆ ಹಿಂದೆ. ಜಾವದ್ದು ಎಂದುಕೊಂಡ ಚಿತ್ರ ಆಗಷ್ಟೇ ತೆಗೆದದ್ದು. ಮೋಡ ಕಡಲ ಮೇಲೇ ಇತ್ತು, ಅಲ್ಲೇ ಕರಗಿ ಹೋಯಿತು. ಶಾಲೆಯಲ್ಲೇ ಓದಿದ ವಿಷಯ ಇದು. ಪರದೆಯ ಮೇಲಿದ್ದದ್ದನ್ನು ನಾನು ಓದಲಿಲ್ಲ, ನನಗೆ ಬೇಕಾದದ್ದನ್ನು ಓದಿದೆ. ಮಳೆ ಬೇಕಿತ್ತು, ಮಳೆ ಕಂಡಿತು.

ಮರುದಿನ ಗುಂಪಿನವರಿಗೆಲ್ಲ ಇದನ್ನು ಹೇಳಿದೆ. ಮೆಕ್ಯಾನಿಕ್ ಒಂದು ರಟ್ಟಿನ ತುಂಡಿನ ಮೇಲೆ 'ಐದೂವರೆ ಕೂಡಿಸಿ' ಎಂದು ಬರೆದು ಪರದೆಯ ಕೆಳಗೆ ಅಂಟಿಸಿದರು. "ಇನ್ನು ಮೇಲೆ ಮೇಡಂ ಸಿಟ್ಟಲ್ಲಿದ್ರೂ ಲೆಕ್ಕ ತಪ್ಪಲ್ಲ" ಎಂದರು. ನನ್ನ ಸಿಟ್ಟು ಅವರಿಗೆ ಕಾಣುತ್ತಿತ್ತು ಎಂದು ಆಗ ತಿಳಿಯಿತು.

ಅದಾದ ಕೆಲವು ದಿನಗಳಲ್ಲಿ ನಿಜವಾದ ಮೋಡ ಬಂತು. ಊಟಕ್ಕೆ ಮೊದಲು ನೋಡಿದಾಗ ರೇಡಾರಿನಲ್ಲಿ ಕುದುರೆಮುಖದ ಕಡೆಯಿಂದ ಹಳದಿ, ನಡುವೆ ಜೋರು ಮಳೆಯ ಕೆಂಪು. ಐದೂವರೆ ಕೂಡಿಸಿದೆ. ಸಾಲದೆಂದು ಪುಟ ಮುಚ್ಚಿ ಮತ್ತೆ ತೆರೆದೆ. ಬಣ್ಣ ನಮ್ಮ ಕಡೆಗೆ ಇನ್ನಷ್ಟು ಜರುಗಿತ್ತು. ಗೌಡರನ್ನು, ಮೆಕ್ಯಾನಿಕ್ಕನ್ನು ಕರೆದೆ. ಈ ಸಲ ನಾನು ಬಾಯಿ ಬಿಡಲಿಲ್ಲ. ಅವರೇ ನೋಡಲಿ ಎಂದು ಸುಮ್ಮನಿದ್ದೆ. ಎರಡೂ ಕಣಗಳಿಗೆ ಪಡುವಣಕ್ಕೆ ಎತ್ತರದ ಗುಡ್ಡದ ಏಣು ಅಡ್ಡ ಇದೆ. ಅದರಾಚೆ ಏನಿದ್ದರೂ ಕೆಳಗಿನವರಿಗೆ ಕಾಣುವುದಿಲ್ಲ. ತಲೆಯ ಮೇಲೆ ಚುರುಕು ಬಿಸಿಲಿತ್ತು.

"ಬರ್ತದೆ" ಎಂದರು ಗೌಡರು. "ಮುಚ್ಚೋದೇ. ಇವತ್ತೂ ಬಿಸಿಲು ಹೋದ್ರೆ ಹೋಗ್ಲಿ, ಈ ಸಲ ನಾನು ಹೇಳಿದ್ದು ಅಂತ ಬೇಕಾದ್ರೆ ಬೈಲಿ."

ನಮ್ಮವರು ಕಾಫಿ ಎಳೆಯತೊಡಗಿದರು. ಮೆಕ್ಯಾನಿಕ್ ರಸ್ತೆಯಾಚೆ ನೋಡಿ ನನ್ನತ್ತ ತಿರುಗಿದರು.

"ಅವ್ರಿಗೆ ಹೇಳೋದಾ ಮೇಡಂ?"

ನಾನು ಗಾಜಿನ ಮೇಲಿನ ಕಂಬಳಿ ಎಳೆದುಕೊಂಡೆ. ಅಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ? ಅವರ ಕಣ ನಮ್ಮದರ ನಾಲ್ಕರಷ್ಟಿತ್ತು, ಉದ್ದಕ್ಕೂ ಕಾಫಿ. ನಾನು ಸುಮ್ಮನೆ ಕಂಬಳಿ ಮಡಚುತ್ತಾ ನಿಂತರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ. ನೆನೆದ ಕಣದ ಮುಂದೆ ಮಾಲೀಕರು ಬಂದು ನಿಲ್ಲುವುದನ್ನು ಮನಸ್ಸಿನಲ್ಲಿ ನೋಡಿದೆ. ಮ್ಯಾನೇಜರು ಏನು ಹೇಳುತ್ತಾರೆ ಎಂಬುದನ್ನೂ ಕೇಳಿಸಿಕೊಂಡೆ. "ಮೇಸ್ತ್ರಿಗೆ ಹೇಳಿದ್ದೆ ಸಾರ್." ಅಲ್ಲಿಗೆ ನನ್ನ ಸಂತೋಷ ನಿಂತುಹೋಯಿತು. ಮಳೆ ಮ್ಯಾನೇಜರ ಮೇಲೆ ಬೀಳುವುದಿಲ್ಲ. ಹಿಂದೆ ನಾನು ನಿಂತಿದ್ದ ಜಾಗದಲ್ಲಿ ಈಗ ಮೇಸ್ತ್ರಿ ನಿಂತಿದ್ದಾರೆ, ಅವರ ಮೇಲೆ ಬೀಳುತ್ತದೆ. ಮೇಸ್ತ್ರಿಯ ಮೇಲೂ ನನಗೆ ಸಿಟ್ಟಿತ್ತು. ಆದರೆ ಆ ಸಿಟ್ಟು ಅಷ್ಟು ದೊಡ್ಡದಲ್ಲ.

ಹಾಗಾದರೆ ಬೇರೆ ಥರ ಮಾಡುತ್ತೇನೆ ಎಂದುಕೊಂಡೆ. ಕಾರನ್ನೇ ಅವರ ಕಣಕ್ಕೆ ಇಳಿಸುತ್ತೇನೆ. ನಾಲ್ಕೂ ಬಾಗಿಲು ತೆಗೆದು, ಅವರ ಆಳುಗಳೆಲ್ಲರ ಮುಂದೆ ಆ ದೊಡ್ಡ ಪರದೆಯಲ್ಲಿ ಮೋಡ ತೋರಿಸುತ್ತೇನೆ. ಸೀರಿಯಲ್ ನೋಡಿ ಬನ್ನಿ ಸಾರ್ ಎಂದು ಕರೆಯುತ್ತೇನೆ. ಆಗ ಅವರು ಮುಚ್ಚಿಸಿದರೆ ನನ್ನ ಮಾತಿಗೆ ಮುಚ್ಚಿಸಿದ ಹಾಗೆ. ಮುಚ್ಚಿಸದಿದ್ದರೆ ನೋಡಿಯೂ ನೆನೆಸಿದ ಹಾಗೆ. ಎರಡರಲ್ಲೂ ಅವರಿಗೆ ದಾರಿಯಿಲ್ಲ. ಇದು ಉಪಕಾರವೆಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ.

ಗೇರು ಹಾಕಿದೆ. ಪುಟ ಮುಚ್ಚಿಕೊಂಡಿತು. ಅದು ಗೊತ್ತಿದ್ದದ್ದೇ. ರಸ್ತೆ ದಾಟಿ, ಎಸ್ಟೇಟಿನ ಗೇಟು ದಾಟಿ, ಇಳಿಜಾರಿನಲ್ಲಿ ಹೋಗಿ ಅವರ ಕಣದ ಅಂಚಿಗೆ ನಿಲ್ಲಿಸಿದೆ. ಹೆಂಗಸರು ಕಾಫಿ ಕೆದಕುವುದನ್ನು ನಿಲ್ಲಿಸಿ ನೋಡಿದರು. ಮ್ಯಾನೇಜರು ಗೋದಾಮಿನ ಮಾಡಿನ ಕೆಳಗಿನಿಂದ ಬಂದರು.

"ಓಹೋ, ಟಿವಿ ಮನೆ ಬಾಗಿಲಿಗೇ ಬಂತಲ್ಲ!"

"ಮಳೆ ಬರ್ತಿದೆ ಸಾರ್. ಇಲ್ಲಿ ಬಂದು ನೋಡಿ. ಎಲ್ಲರೂ ಬನ್ನಿ" ಎಂದು ಬ್ರೌಸರ್ ಒತ್ತಿದೆ.

ಪರದೆ ಬೆಳ್ಳಗಾಯಿತು. ನಡುವೆ ಒಂದು ಉಂಗುರ ಸುತ್ತತೊಡಗಿತು. ನಾನು ಕಾದೆ. ಉಂಗುರ ಸುತ್ತುತ್ತಲೇ ಇತ್ತು. ದಿಬ್ಬದ ಮೇಲೆ ಸಿಕ್ಕಿದ ನೆಟ್ ಈ ತಗ್ಗಿನಲ್ಲಿ ಸಿಗುವುದಿಲ್ಲ ಎಂಬುದು, ಹಿಂದೆ ಅದೇ ಕಣದಲ್ಲಿ ಕೆಲಸ ಮಾಡುವಾಗ ಅಷ್ಟು ಕಾಲ ಫೋನು ಹಿಡಿದು ಪರದಾಡಿದ ನನಗೆ ಹೊಳೆಯಲಿಲ್ಲ. ದೊಡ್ಡ ಪರದೆಯ ಹುಚ್ಚಿನಲ್ಲಿ ಫೋನಿನಿಂದ ಅದರದ್ದೊಂದು ಫೋಟೋ ಕೂಡ ತೆಗೆದುಕೊಂಡು ಬಂದಿರಲಿಲ್ಲ.

ಮ್ಯಾನೇಜರು ಬಾಗಿಲಿಗೆ ಕೈಯೂರಿ ಬಗ್ಗಿ ನೋಡಿದರು. "ಎಲ್ಲಮ್ಮ ಮಳೆ? ಇದು ಕಾವಲಿ ಮೇಲೆ ದೋಸೆ ಹುಯ್ದ ಹಾಗಿದೆ." ಹಿಂದೆ ತಿರುಗಿ, "ನೋಡಿ, ನೋಡಿ, ಮಳೆ ಬಂತಂತೆ, ಕೊಡೆ ತನ್ನಿ" ಎಂದರು. ನಗು ಎದ್ದಿತು. "ಇವಳಿಗೆ ಅಲ್ಲೂ ಕೆಲಸ ಇಲ್ಲ, ಇಲ್ಲೂ ಕೆಲಸ ಕೆಡಿಸ್ತಾಳೆ. ಏನ್ ನೋಡ್ತೀರಿ? ಕೆದಕಿ, ಕೆದಕಿ!"

ಆಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಕಿವಿ ಬಿಸಿಯಾದದ್ದು ನೆನಪಿದೆ. ಕಾರು ತಿರುಗಿಸಿ ಹೊರಟುಹೋಗಬೇಕು ಎನಿಸಿತು. ಅಷ್ಟರಲ್ಲಿ ಮೇಸ್ತ್ರಿ ಕಣದ ನಡುವಿನಿಂದ ರಸ್ತೆಯಾಚೆಗೆ ತಲೆಯೆತ್ತಿ ನೋಡಿದರು. ಅಲ್ಲಿ ಗೌಡರು, ಮೆಕ್ಯಾನಿಕ್, ಹೆಂಗಸರು ಎಲ್ಲರೂ ಸೇರಿ ಕೊನೆಯ ಟಾರ್ಪಾಲಿನ ಮೇಲೆ ಕಲ್ಲು ಹೇರುತ್ತಿದ್ದರು. ಮೇಸ್ತ್ರಿ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮ್ಯಾನೇಜರು ಇಬ್ಬರ ನಡುವೆ ನಿಂತಿದ್ದರು, ಅವರನ್ನು ದಾಟಿ ನೋಡಿದರು.

"ಮೇಡಂ" ಎಂದು ಕೂಗಿದರು, ಕಣಕ್ಕೆಲ್ಲ ಕೇಳುವ ಹಾಗೆ. "ಮುಚ್ಚೋದಾ?"

ಎಸ್ಟೇಟಿನಲ್ಲಿ ಮೇಸ್ತ್ರಿ ಆದವನು ಮ್ಯಾನೇಜರು ಎದುರಿಗಿರುವಾಗ ಇನ್ನೊಬ್ಬರನ್ನು ಕೇಳುವುದಿಲ್ಲ. ಕೇಳಿದರೆ ಅದರ ಅರ್ಥ ಏನೆಂದು ಆಳುಗಳ ಲೈನ್ ಮನೆಗಳ ಮಕ್ಕಳಿಗೂ ಗೊತ್ತು. ನಗು ನಿಂತಿತು. ನಾನು ಉತ್ತರ ಕೊಡಲು ಸ್ವಲ್ಪ ತಡ ಮಾಡಿದೆ. ಬೇಕೆಂದೇ ತಡ ಮಾಡಿದೆ. ಮ್ಯಾನೇಜರ ಮುಖವನ್ನು ಪೂರ್ತಿ ನೋಡಿಕೊಂಡು ಹೇಳಿದೆ:

"ಮುಚ್ಚಿ."

"ಏಯ್, ಯಾರ ಕಣಕ್ಕೆ ಯಾರು ಆರ್ಡರ್ ಕೊಡೋದು?" ಎಂದು ಮ್ಯಾನೇಜರು ಕೂಗಿದರು. ಆದರೆ ಮೇಸ್ತ್ರಿ ಹಲಗೆ ಎತ್ತಿಕೊಂಡು ಕಾಫಿ ಎಳೆಯಲು ಶುರು ಮಾಡಿ ಆಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಸೆರಗು ಸಿಕ್ಕಿಸಿ ಇಳಿದರು. ನಾನೂ ಚಪ್ಪಲಿ ಬಿಟ್ಟು ಇಳಿದೆ. ಮ್ಯಾನೇಜರು ಒಂದೆರಡು ಸಲ ಇನ್ನೂ ಕೂಗಿದರು. ಯಾರೂ ತಿರುಗಿ ನೋಡಲಿಲ್ಲ. ಕಡೆಯ ಗುಡ್ಡೆಗೆ ಟಾರ್ಪಾಲು ಹೊದಿಸುವಾಗ ಗುಡ್ಡದ ಏಣಿನ ಮೇಲೆ ಕಪ್ಪು ಮೋಡ ತಲೆಯೆತ್ತಿತು, ಬಿಸಿಲು ಒಮ್ಮೆಲೇ ಆರಿತು. ಹಗ್ಗ ಕಟ್ಟುತ್ತಿದ್ದ ಹಾಗೇ ದಪ್ಪ ಹನಿ ಬಿತ್ತು.

ಎಲ್ಲರೂ ಗೋದಾಮಿನ ಮಾಡಿನ ಕೆಳಗೆ ಸೇರಿದೆವು. ಶೀಟಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮ್ಯಾನೇಜರು ಕಂಬಕ್ಕೆ ಒರಗಿ ನಿಂತಿದ್ದರು. ಸದ್ದು ಸ್ವಲ್ಪ ತಗ್ಗಿದಾಗ, ಯಾರಿಗೂ ಅಲ್ಲ ಎಂಬಂತೆ ಹೇಳಿದರು:

"ಅಷ್ಟು ದೊಡ್ಡ ಟಿವಿ ಇಟ್ಕೊಂಡ್ರೆ ಯಾರು ಬೇಕಾದ್ರೂ ಮಳೆ ಹೇಳ್ತಾರೆ."

"ಹೋದ ವರ್ಷ ಟಿವಿ ಇರಲಿಲ್ಲ ಸಾರ್" ಎಂದೆ. "ಮೋಡ ಕಣ್ಣಿಗೇ ಕಾಣ್ತಿತ್ತು. ನಿಮಗೂ ಕಂಡಿತ್ತು."

"ಅವತ್ತು ನಿನಗೆ ಹೇಳಿದ್ದೆ ನಾನು, ಮುಚ್ಸು ಅಂತ."

"ಇಲ್ಲ ಸಾರ್" ಎಂದರು ಮೇಸ್ತ್ರಿ. ಅವರು ಒದ್ದೆ ತಲೆಯನ್ನು ಟವೆಲಿನಿಂದ ಒರೆಸುತ್ತಿದ್ದರು, ಒರೆಸುವುದನ್ನು ನಿಲ್ಲಿಸಲಿಲ್ಲ. "ನಾನಿದ್ದೆನಲ್ಲ ಅಲ್ಲಿ. ಬೇಡ ಅಂದಿದ್ದು ನೀವು. ಮೇಡಂ ಎರಡು ಸಲ ಕೇಳಿದ್ರು."

ಎರಡು ಸಲ ಕೇಳಿದ್ದೆ ಎಂಬುದು ನನಗೇ ಮರೆತುಹೋಗಿತ್ತು. ಸಿಟ್ಟಿನಲ್ಲಿ ಬರೆದ ಡೈರಿಯಲ್ಲೂ ಒಂದೇ ಸಲ ಎಂದಿದೆ. ಅಷ್ಟು ಜನ ಹೆಂಗಸರಿದ್ದರು. ಎಲ್ಲರೂ ಕೇಳಿಸಿಕೊಂಡರು. ಸಂಜೆಯೊಳಗೆ ಆ ಮಾತು ಗೋಣಿಬೀಡಿನವರೆಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಅವರು ಮೇಸ್ತ್ರಿಯನ್ನು ದಿಟ್ಟಿಸಿ ನೋಡಿ, ಮಾಡಿನಿಂದ ಆಚೆ ಇಳಿದರು. ಅವರ ಜೀಪು ಕಣದ ಆ ತುದಿಯಲ್ಲಿತ್ತು. ಮಳೆ ಮತ್ತೆ ಜೋರು ಹಿಡಿದಿತ್ತು. ಓಡಿದರೆ ಸೋತ ಹಾಗೆ ಎಂದುಕೊಂಡರೋ ಏನೋ, ನಿಧಾನವಾಗಿಯೇ ನಡೆದರು. ಅಂಗಿ ಬೆನ್ನಿಗೆ ಅಂಟಿಕೊಂಡಿತು, ಶೂಗಳಿಂದ ನೀರು ಚಿಮ್ಮಿತು.

ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೊಡೆ ಇತ್ತು. ಕೊಡಲಿಲ್ಲ.